ಸೊಳ್ಳೆಗೂ ಹೆಪ್ಪು ಹಾಕಬಹುದು

ಪ್ರಶ್ನೆ: ಸರ್, ನಾವು ದಾವಣಗೆರೆ ನಿಟ್ಟುವಳ್ಳಿಯವರು. ಕಳೆದ ಮಳೆಗಾಲದಲ್ಲಿ ನಮ್ಮ ಮಗಳು ಡೆಂಗಿ ಬಂದು ಆರು ದಿನ ಆಸ್ಪತ್ರೆಯಲ್ಲಿದ್ದಳು. ಈಗ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಊರಿಗೆ ಬಿಟ್ಟರೆ ಡೆಂಗಿ ನಿಲ್ಲುತ್ತದಂತೆ. ಇದು ನಿಜವಾ, ಸುಮ್ನೆ ಪುಕಾರಾ? ಇರೋ ಸೊಳ್ಳೆ ಸಾಲದು ಅಂತ ಇನ್ನಷ್ಟು ಬಿಡುವುದಾ? ಆ ಬ್ಯಾಕ್ಟೀರಿಯಾ ಮಕ್ಕಳ ಮೈಗೆ ಬಂದರೆ ಏನು ಗತಿ? ನಮ್ಮೂರಿಗೆ ಯಾವಾಗ ಬರುತ್ತದೆ? ಅಲ್ಲಿವರೆಗೆ ಅದು ಎಲ್ಲಾದರೂ ಸಿಕ್ಕರೆ ತಂದು ನಮ್ಮ ನೀರಿನ ಡ್ರಮ್ಮಿಗೆ ಹಾಕಬಹುದಾ? ಒಳ್ಳೆ ಸೊಳ್ಳೆ ಯಾವುದು, ಕೆಟ್ಟದ್ದು ಯಾವುದು ಅಂತ ಗುರುತು ಹಿಡಿಯೋದು ಹೇಗೆ ಅಂತ ಮಗಳೂ ಕೇಳುತ್ತಿದ್ದಾಳೆ.

ಉತ್ತರ: ನೋಡಿ ಮೇಡಂ, ಮೊದಲು ಡ್ರಮ್ಮಿನ ವಿಷಯ ಮುಗಿಸಿಬಿಡೋಣ. ಆಗುವುದಿಲ್ಲ. ಈ ಬ್ಯಾಕ್ಟೀರಿಯಾದ ಹೆಸರು ವೊಲ್ಬಾಕಿಯಾ. ಇದು ನೀರಿನಲ್ಲಿ, ಮಣ್ಣಿನಲ್ಲಿ, ಸೀಸೆಯಲ್ಲಿ, ಎಲ್ಲೂ ತಾನಾಗಿ ಬದುಕುವುದಿಲ್ಲ. ಜೀವಕೋಶದ ಒಳಗೇ ಇರಬೇಕು, ಹೊರಗೆ ಬಿದ್ದರೆ ಮುಗಿಯಿತು. ಹಾಗಾಗಿ ಯಾರಾದರೂ ಪೊಟ್ಟಣ ಕಟ್ಟಿ ವೊಲ್ಬಾಕಿಯಾ ಮಾರಿದರೆ ಅದು ಮೋಸ. ನೀರಿಗೆ ಹಾಕುವ ಬ್ಯಾಕ್ಟೀರಿಯಾ ಬೇರೆ ಇದೆ, ಬಿಟಿಐ ಅಂತ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಗುಂಡಿಯಲ್ಲಿ ಸಿಕ್ಕಿದ್ದು. ಅದನ್ನು ತಿಂದ ಸೊಳ್ಳೆ ಮರಿ ಕರುಳು ಕೆಟ್ಟು ಸಾಯುತ್ತದೆ. ಒಳ್ಳೆಯದೇ, ಆದರೆ ಅದೊಂದು ಔಷಧಿ. ಹಾಕಿದಷ್ಟು ದಿನ ಕೆಲಸ, ಆಮೇಲೆ ಮತ್ತೆ ಹಾಕಬೇಕು. ನಿಮ್ಮ ವಿಡಿಯೊದಲ್ಲಿ ಹೇಳುತ್ತಿರುವುದು ಸೊಳ್ಳೆಯನ್ನು ಕೊಲ್ಲುವ ಬ್ಯಾಕ್ಟೀರಿಯಾ ಅಲ್ಲ, ಸೊಳ್ಳೆಯ ಜೊತೆ ಸಂಸಾರ ಮಾಡುವ ಬ್ಯಾಕ್ಟೀರಿಯಾ. ಈ ಎರಡನ್ನೂ ಒಂದೇ ಅಂದುಕೊಂಡರೆ ಮುಂದೆ ಎಲ್ಲವೂ ಗೊಂದಲ.

ವಿಷಯ ಮಾತ್ರ ನಿಜ. ಪುಕಾರು ಅಲ್ಲ.

ಅರ್ಥ ಮಾಡಿಕೊಳ್ಳಲು ನಿಮ್ಮ ಮನೆಯ ಹೆಪ್ಪು ಸಾಕು. ರಾತ್ರಿ ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮೊಸರು ಬಿಡುತ್ತೀರಿ. ಬೆಳಿಗ್ಗೆ ಇಡೀ ಪಾತ್ರೆ ಮೊಸರು. ಮಾರನೆ ದಿನ ಅದರಿಂದಲೇ ಇನ್ನೊಂದು ಪಾತ್ರೆ. ಹೆಪ್ಪನ್ನು ದಿನಾ ಕೊಂಡು ತರುವುದಿಲ್ಲ ಅಲ್ವಾ? ಇಲ್ಲೂ ಹಾಗೇ, ಹಾಲಿನ ಜಾಗದಲ್ಲಿ ಊರಿನ ಸೊಳ್ಳೆ ಸಂತಾನ. ಹೆಪ್ಪು ತೀರಾ ಕಡಿಮೆ ಬಿದ್ದರೆ ಹಾಲು ಹೆಪ್ಪುಗಟ್ಟುವುದಿಲ್ಲ. ಹಾಲು ಸುಡುಸುಡು ಇದ್ದಾಗ ಹಾಕಿದರೆ ಹೆಪ್ಪೇ ಸಾಯುತ್ತದೆ. ಈ ಎರಡೂ ತಾಪತ್ರಯ ಇಲ್ಲೂ ಇವೆ. ಬಿಸಿಯ ಮಾತಿಗೆ ಆಮೇಲೆ ಬರುತ್ತೇನೆ, ಯಾಕೆಂದರೆ ನಮ್ಮ ಸೀಮೆಗೆ ಅದೇ ದೊಡ್ಡ ಪ್ರಶ್ನೆ.

ವೊಲ್ಬಾಕಿಯಾ ಹೊಸದೇನಲ್ಲ. 1924ರಲ್ಲಿ ಅಮೆರಿಕದ ಬಾಸ್ಟನ್ ಕಡೆ ಹರ್ಟಿಗ್ ಮತ್ತು ವೋಲ್ಬಾಕ್ ಎಂಬ ಇಬ್ಬರು ಇದನ್ನು ಮೊದಲು ನೋಡಿದರು. ನೋಡಿದ್ದು ಯಾವುದರಲ್ಲಿ ಗೊತ್ತಾ? ಕ್ಯೂಲೆಕ್ಸ್ ಸೊಳ್ಳೆಯಲ್ಲಿ. ನಮ್ಮ ಚರಂಡಿ ಸೊಳ್ಳೆಯ ಹತ್ತಿರದ ನೆಂಟ ಅದು. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವ ನಮ್ಮ ಚರಂಡಿ ಸೊಳ್ಳೆಯಲ್ಲೂ ವೊಲ್ಬಾಕಿಯಾ ಇದೆ, ಯಾವ ವಿಜ್ಞಾನಿಯೂ ಹಾಕಿದ್ದಲ್ಲ, ಹುಟ್ಟಿನಿಂದಲೇ ಇರುವುದು. ಬಾಳೆಹಣ್ಣು ಕಳಿತರೆ ಮುತ್ತುವ ಸಣ್ಣ ನೊಣ ಇದೆಯಲ್ಲ, ಅದರಲ್ಲೂ ಇರುತ್ತದೆ. ಚಿಟ್ಟೆ, ಜೀರುಂಡೆ, ಕಣಜ ಹೀಗೆ ಕೀಟ ಜಾತಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಇದೆ ಅಂತ ಅಂದಾಜು. ಇಲ್ಲದೇ ಇರುವುದು ಯಾರಲ್ಲಿ ಅಂದರೆ, ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ. ಕಪ್ಪು ಮೈ, ಬಿಳಿ ಪಟ್ಟೆಯ ಕಾಲು, ಹಗಲು ಹೊತ್ತು ಕಚ್ಚುವುದು. ನಮ್ಮ ಡ್ರಮ್ಮಿನ ಸೊಳ್ಳೆ ಅಂದರೆ ಅದೇ. ವಿಚಿತ್ರ ಅಂದರೆ ಅದರ ದಾಯಾದಿ, ತೋಟ ಪೊದೆಗಳ ಕಡೆ ಜಾಸ್ತಿ ಇರುವ ಹುಲಿ ಸೊಳ್ಳೆ, ಈಡಿಸ್ ಆಲ್ಬೊಪಿಕ್ಟಸ್, ಅದರಲ್ಲಿ ಎರಡು ಬಗೆಯ ವೊಲ್ಬಾಕಿಯಾ ಇವೆ.

ಆದ್ದರಿಂದ ವಿಜ್ಞಾನಿಗಳು ಮಾಡಿದ್ದು ಇಷ್ಟು. ಹಣ್ಣಿನ ನೊಣದಲ್ಲಿ, ಇಲ್ಲವೇ ಹುಲಿ ಸೊಳ್ಳೆಯಲ್ಲಿ ಇದ್ದದ್ದನ್ನು ತೆಗೆದು ಈಡಿಸ್ ಈಜಿಪ್ಟೈಗೆ ದಾಟಿಸಿದರು. ಹೇಳುವುದು ಸುಲಭ. ಸೊಳ್ಳೆ ಮೊಟ್ಟೆ ಒಂದು ಮಿಲಿಮೀಟರಿಗಿಂತ ಚಿಕ್ಕದು. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಅದಕ್ಕೆ ಚುಚ್ಚಿ, ಮುಂದೆ ಯಾವ ಜೀವಕೋಶಗಳು ಅಂಡಾಶಯ ಆಗುತ್ತವೋ ಆ ತುದಿಗೆ ಬ್ಯಾಕ್ಟೀರಿಯಾ ತಲುಪಿಸಬೇಕು. ಸಾವಿರಾರು ಮೊಟ್ಟೆ ಚುಚ್ಚಿ, ಬಹುಪಾಲು ಸತ್ತು, ಕೈಬೆರಳೆಣಿಕೆಯಷ್ಟರಲ್ಲಿ ನಿಂತರೆ ಪುಣ್ಯ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಅವರ ತಂಡ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿತ್ತು. ಇದರಲ್ಲಿ ಸೊಳ್ಳೆಯ ವಂಶವಾಹಿ ತಿದ್ದುವುದು ಎಲ್ಲೂ ಇಲ್ಲ. ಕುಲಾಂತರಿ ಸೊಳ್ಳೆ ಅಂತ ಬೇರೆ ಒಂದಿದೆ, ಅದರ ಕಥೆ ಬೇರೆ. ನಿಮ್ಮ ವಾಟ್ಸಾಪ್ ಗ್ರೂಪಿನವರು ಎರಡನ್ನೂ ಸೇರಿಸಿ ಕಲಸುಮೇಲೋಗರ ಮಾಡಿರುತ್ತಾರೆ ಅಂತ ನನ್ನ ಊಹೆ.

ಈಗ ನಿಜವಾದ ಚಮತ್ಕಾರಕ್ಕೆ ಬರೋಣ. ವೊಲ್ಬಾಕಿಯಾ ಹರಡುವುದು ತಾಯಿಯ ಕಡೆಯಿಂದ ಮಾತ್ರ. ಮೊಟ್ಟೆಯೊಳಗೆ ಕೂತು ಮುಂದಿನ ಪೀಳಿಗೆಗೆ ಹೋಗುತ್ತದೆ. ಗಂಡಿನ ವೀರ್ಯದಲ್ಲಿ ಅದಕ್ಕೆ ಜಾಗ ಇಲ್ಲ. ಹಾಗಾದರೆ ಗಂಡು ಸೊಳ್ಳೆ ಅದಕ್ಕೆ ದಂಡ ಅಲ್ವಾ? ಅಲ್ಲ. ಗಂಡಿನೊಳಗೆ ಇದ್ದಾಗ ಅದು ವೀರ್ಯಕ್ಕೆ ಒಂದು ಗಂಟು ಹಾಕಿ ಕಳಿಸುತ್ತದೆ ಅಂದುಕೊಳ್ಳಿ. ಆ ಗಂಟು ಬಿಚ್ಚುವ ವಿದ್ಯೆ ಅದೇ ಬಗೆಯ ವೊಲ್ಬಾಕಿಯಾ ಇರುವ ಮೊಟ್ಟೆಗೆ ಮಾತ್ರ ಗೊತ್ತು. ವೊಲ್ಬಾಕಿಯಾ ಇಲ್ಲದ ಹೆಣ್ಣಿನ ಜೊತೆ ಆ ಗಂಡು ಕೂಡಿದರೆ ಹೆಣ್ಣು ಮೊಟ್ಟೆ ಇಡುತ್ತದೆ, ಒಂದೂ ಒಡೆಯುವುದಿಲ್ಲ. ವೊಲ್ಬಾಕಿಯಾ ಇರುವ ಹೆಣ್ಣಾದರೆ ಎಂಥ ಗಂಡಿನ ಜೊತೆ ಕೂಡಿದರೂ ಮರಿ ಆಗುತ್ತದೆ, ಮರಿಗಳಿಗೆಲ್ಲ ವೊಲ್ಬಾಕಿಯಾ ಇರುತ್ತದೆ. ಒಬ್ಬಳ ಮನೆ ತುಂಬುತ್ತಾ ಹೋಗುತ್ತದೆ, ಇನ್ನೊಬ್ಬಳ ಮಡಿಲು ಬರಿದಾಗುತ್ತಾ ಹೋಗುತ್ತದೆ. ಕೆಲವು ತಿಂಗಳಲ್ಲಿ ಊರಿನ ಸೊಳ್ಳೆಗಳೆಲ್ಲ ಮೊದಲನೆಯವಳ ಮೊಮ್ಮಕ್ಕಳು. ಹೆಪ್ಪು ಅಂದದ್ದು ಇದಕ್ಕೇ. ಆದರೆ ಶುರುವಿನಲ್ಲಿ ಒಂದು ಮಟ್ಟ ದಾಟಬೇಕು. ನಾಲ್ಕು ಸೊಳ್ಳೆ ತಂದು ಬಿಟ್ಟರೆ ಅವು ಊರಿನ ಗುಂಪಿನಲ್ಲಿ ಕರಗಿ ಹೋಗುತ್ತವೆ.

ಸರಿ, ಸೊಳ್ಳೆ ಬದಲಾಯಿತು, ಡೆಂಗಿ ಯಾಕೆ ನಿಲ್ಲಬೇಕು? ಡೆಂಗಿ ವೈರಸ್ ರೋಗಿಯ ರಕ್ತದ ಜೊತೆ ಸೊಳ್ಳೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಬೆಳೆದು, ಮೈಯೆಲ್ಲ ಹರಡಿ, ಕೊನೆಗೆ ಜೊಲ್ಲಿಗೆ ಬರಲು ಸುಮಾರು ಎಂಟರಿಂದ ಹನ್ನೆರಡು ದಿನ ಬೇಕು. ವೊಲ್ಬಾಕಿಯಾ ಅದೇ ಜೀವಕೋಶಗಳಲ್ಲಿ ಮೊದಲೇ ಬಿಡಾರ ಹೂಡಿರುತ್ತದೆ. ವೈರಸ್ಸಿಗೆ ಬೇಕಾದ ಕೊಲೆಸ್ಟರಾಲ್ ಮುಂತಾದ ಸಾಮಾನುಗಳನ್ನು ತಾನೇ ಬಳಸಿಕೊಳ್ಳುತ್ತದೆ, ಸೊಳ್ಳೆಯ ರೋಗನಿರೋಧಕ ಶಕ್ತಿಯನ್ನೂ ಕೆಣಕಿ ಎಬ್ಬಿಸಿರುತ್ತದೆ. ವೈರಸ್ ಒಳಗೆ ಹೋದರೂ ಸರಿಯಾಗಿ ಬೆಳೆಯುವುದಿಲ್ಲ, ಜೊಲ್ಲಿನವರೆಗೆ ಬರುವುದು ಅಪರೂಪ. ಸೊಳ್ಳೆ ಕಚ್ಚುತ್ತದೆ, ಕಾಯಿಲೆ ದಾಟಿಸುವುದು ಕಡಿಮೆಯಾಗುತ್ತದೆ. ಇದನ್ನು 2009ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಚಿಕೂನ್‌ಗುನ್ಯಾ, ಝೀಕಾ ವೈರಸ್‌ಗಳಿಗೂ ಇದೇ ಗತಿ. 2006ರ ಚಿಕೂನ್‌ಗುನ್ಯಾ ನಿಮಗೂ ನೆನಪಿರಬೇಕು, ನಿಮ್ಮ ದಾವಣಗೆರೆ, ನಮ್ಮ ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಊರಿಗೆ ಊರೇ ಸೊಂಟ ಹಿಡಿದುಕೊಂಡು ಓಡಾಡುತ್ತಿತ್ತು. ಅದನ್ನು ತಂದಿದ್ದೂ ಇದೇ ಡ್ರಮ್ಮಿನ ಸೊಳ್ಳೆ.

ಪ್ರಯೋಗಾಲಯದ ಮಾತು ಬಿಡಿ, ಊರಲ್ಲಿ ಏನಾಯಿತು ಅಂತ ಕೇಳುತ್ತೀರಿ. 2011ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಊರಿನ ಎರಡು ಬಡಾವಣೆಗಳಲ್ಲಿ ಮೊದಲು ಬಿಟ್ಟರು. ವಾರಕ್ಕೊಮ್ಮೆ ಬಿಡುತ್ತಾ ಎರಡೂವರೆ ತಿಂಗಳಲ್ಲಿ ಒಟ್ಟು ಸುಮಾರು 3 ಲಕ್ಷ ಸೊಳ್ಳೆ. ಕೆಲವೇ ತಿಂಗಳಲ್ಲಿ ಅಲ್ಲಿನ ಈಡಿಸ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ವೊಲ್ಬಾಕಿಯಾ ಬಂದಿತ್ತು. ಆದರೆ ನನಗೆ ನಂಬಿಕೆ ಬಂದಿದ್ದು ಕೇರ್ನ್ಸ್ ನೋಡಿ ಅಲ್ಲ, ಇಂಡೋನೇಷ್ಯಾದ ಯೋಗ್ಯಕರ್ತಾ ನೋಡಿ. ಅದು ನಮ್ಮ ಹಾಗೆ ಜನ ತುಂಬಿದ, ಡೆಂಗಿ ಮನೆಮಾತಾದ ಊರು. ನಗರವನ್ನು 24 ತುಂಡು ಮಾಡಿದರು. ಯಾವ 12ರಲ್ಲಿ ಸೊಳ್ಳೆ ಬಿಡುವುದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡಿದರು. ಜನರ ಅಂಗಳದಲ್ಲಿ ಮೊಟ್ಟೆ ಹಾಕಿದ ಸಣ್ಣ ಬಕೆಟ್ ಇಟ್ಟು, ಎರಡು ವಾರಕ್ಕೊಮ್ಮೆ ಬದಲಾಯಿಸಿದರು. ಆಮೇಲೆ ಜ್ವರ ಅಂತ ಆರೋಗ್ಯ ಕೇಂದ್ರಕ್ಕೆ ಬಂದವರನ್ನೆಲ್ಲ ಪರೀಕ್ಷೆ ಮಾಡಿದರು. ಸೊಳ್ಳೆ ಬಿಟ್ಟ ಕಡೆಯ 2905 ಜನರಲ್ಲಿ 67 ಜನಕ್ಕೆ ಡೆಂಗಿ ಇತ್ತು. ಬಿಡದ ಕಡೆಯ 3401 ಜನರಲ್ಲಿ 318 ಜನಕ್ಕೆ. ಲೆಕ್ಕ ಹಾಕಿದರೆ ಡೆಂಗಿ 77 ಶೇಕಡಾ ಕಡಿಮೆ, ಆಸ್ಪತ್ರೆ ಸೇರಬೇಕಾದ ಡೆಂಗಿ 86 ಶೇಕಡಾ ಕಡಿಮೆ. 2021ರಲ್ಲಿ ಪ್ರಕಟವಾದ ಅಧ್ಯಯನ ಇದು. ಸೊಳ್ಳೆ ನಿಯಂತ್ರಣದ ಹೆಸರಿನಲ್ಲಿ ಜಗತ್ತಿನಲ್ಲಿ ಏನೇನೋ ನಡೆಯುತ್ತದೆ, ಹೀಗೆ ಚೀಟಿ ಎತ್ತಿ, ಲೆಕ್ಕ ಇಟ್ಟು ಮಾಡಿದ್ದು ತೀರಾ ಕಡಿಮೆ. ಫಾಗಿಂಗ್ ಯಂತ್ರದ ಹಿಂದೆ ಓಡುವ ನಮ್ಮ ಮುಖಂಡರಿಗೆ ಈ ಲೆಕ್ಕ ತೋರಿಸಬೇಕು ಅಂತ ನನಗೆ ತುಂಬ ಸಲ ಅನಿಸಿದೆ.

ಆದರೂ 77 ಅಂದರೆ 100 ಅಲ್ಲ. ಎಲ್ಲ ಊರಲ್ಲೂ 77 ಬಂದಿಲ್ಲ ಕೂಡ. ಕ್ವಾಲಾಲಂಪುರದಲ್ಲಿ ಬೇರೆ ಬಗೆಯ ವೊಲ್ಬಾಕಿಯಾ ಬಿಟ್ಟಾಗ ಡೆಂಗಿ ಸುಮಾರು 40 ಶೇಕಡಾ ಇಳಿಯಿತು.

"ಇರೋ ಸೊಳ್ಳೆ ಸಾಲದಾ" ಅನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇದಕ್ಕೆ ಎರಡು ದಾರಿ ಇವೆ. ನಾನು ಇಲ್ಲಿವರೆಗೆ ಹೇಳಿದ್ದು ಸೊಳ್ಳೆ ಬದಲಾಯಿಸುವ ದಾರಿ. ಅದರಲ್ಲಿ ಗಂಡು ಹೆಣ್ಣು ಎರಡನ್ನೂ ಬಿಡುತ್ತಾರೆ, ಕೆಲವು ವಾರ ಕಚ್ಚುವುದು ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡಬಾರದು. ಆಮೇಲೆ ಸೊಳ್ಳೆ ಮೊದಲಿನಷ್ಟೇ ಇರುತ್ತದೆ, ಬಗೆ ಬೇರೆ. ಎರಡನೆಯದು ಸೊಳ್ಳೆ ಕಡಿಮೆ ಮಾಡುವ ದಾರಿ. ಇದರಲ್ಲಿ ಗಂಡನ್ನು ಮಾತ್ರ ಬಿಡುತ್ತಾರೆ. ಗಂಡು ಕಚ್ಚುವುದಿಲ್ಲ, ಹೂವಿನ ರಸ ಕುಡಿದುಕೊಂಡು ಇರುತ್ತದೆ. ಅದು ಊರಿನ ಹೆಣ್ಣಿನ ಜೊತೆ ಕೂಡುತ್ತದೆ, ಮೊಟ್ಟೆ ಒಡೆಯುವುದಿಲ್ಲ. ಈಡಿಸ್ ಹೆಣ್ಣು ಸಾಮಾನ್ಯವಾಗಿ ಒಂದೇ ಸಲ ಕೂಡುವುದರಿಂದ ಅದರ ಸಂತಾನ ಅಲ್ಲಿಗೆ ನಿಂತಿತು. ಸಿಂಗಾಪುರ 2016ರಿಂದ ಇದನ್ನೇ ಮಾಡುತ್ತಿದೆ. ಫಲ ಇದೆ, ಆದರೆ ನಿಲ್ಲಿಸುವಂತಿಲ್ಲ. ಬಿಡುವುದು ನಿಲ್ಲಿಸಿದರೆ ಪಕ್ಕದ ಓಣಿಯಿಂದ ಹೆಣ್ಣುಗಳು ಬಂದು ಮತ್ತೆ ಸಂಸಾರ ಹೂಡುತ್ತವೆ. ಅಷ್ಟು ದುಡ್ಡು, ಅಷ್ಟು ಶಿಸ್ತು ಸಿಂಗಾಪುರಕ್ಕಿದೆ. ನಮ್ಮಂಥ ಊರಿಗೆ ಮೊದಲನೆಯ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ, ಒಮ್ಮೆ ಹೆಪ್ಪುಗಟ್ಟಿದರೆ ತಾನಾಗಿ ನಡೆಯುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಮಕ್ಕಳ ಮೈಗೆ ಬಂದರೆ ಅನ್ನುವ ಭಯ. ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ. ಚರಂಡಿ ಸೊಳ್ಳೆಯಲ್ಲಿ ವೊಲ್ಬಾಕಿಯಾ ಇದೆ, ಅದು ನಿಮ್ಮನ್ನು, ನಿಮ್ಮ ತಾಯಿಯನ್ನು, ಅಜ್ಜಿಯನ್ನು ಜೀವನಪೂರ್ತಿ ಕಚ್ಚಿದೆ. ಕಳಿತ ಹಣ್ಣಿನ ಮೇಲಿನ ನೊಣದ ಮೊಟ್ಟೆಯನ್ನು ನಾವೆಲ್ಲ ಗೊತ್ತಿಲ್ಲದೆ ತಿಂದಿದ್ದೇವೆ. ಮನುಷ್ಯರ ಜೀವಕೋಶದಲ್ಲಿ ಅದು ನೆಲೆ ನಿಲ್ಲುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ ಸೊಳ್ಳೆಗಳನ್ನು ಸಾಕಲು ತಮ್ಮ ತೋಳನ್ನೇ ಕಚ್ಚಲು ಕೊಡುತ್ತಿದ್ದ ಸ್ವಯಂಸೇವಕರ ರಕ್ತ ಪರೀಕ್ಷೆ ಮಾಡಿದರು, ವೊಲ್ಬಾಕಿಯಾ ತಾಗಿದ ಗುರುತೇ ಸಿಗಲಿಲ್ಲ. ಸೊಳ್ಳೆ ತಿನ್ನುವ ಜೇಡ, ಹಲ್ಲಿ, ಮೀನಿಗೂ ಏನೂ ಆಗುವುದಿಲ್ಲ. ನನಗೆ ಇದರಲ್ಲಿ ಹೆದರಿಕೆ ಇಲ್ಲ. ನನ್ನ ಹೆದರಿಕೆ ಬೇರೆ ಕಡೆ ಇದೆ.

ನಮ್ಮ ದೇಶದಲ್ಲಿ ಯಾಕೆ ತಡ ಅಂದರೆ ಅದಕ್ಕೊಂದು ಹಳೆಯ ಕಥೆ ಇದೆ. 1970ರ ಆಸುಪಾಸಿನಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸೇರಿ ಸೊಳ್ಳೆ ನಿಯಂತ್ರಣದ ಒಂದು ಘಟಕ ನಡೆಸುತ್ತಿದ್ದವು. ಗಂಡು ಸೊಳ್ಳೆ ಬಿಟ್ಟು ಸಂತಾನ ನಿಲ್ಲಿಸುವ ಪ್ರಯೋಗ. ಅದಕ್ಕೂ ಮೊದಲು 1967ರಲ್ಲಿ ಬರ್ಮಾದ ಓಕ್ಪೊ ಎಂಬ ಹಳ್ಳಿಯಲ್ಲಿ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಹೀಗೇ ಗಂಡು ಬಿಟ್ಟು ಆನೆಕಾಲು ರೋಗದ ಸೊಳ್ಳೆಯನ್ನು ನಿಲ್ಲಿಸಿ ತೋರಿಸಿದ್ದ. ಆಗ ಅದರ ಹಿಂದೆ ವೊಲ್ಬಾಕಿಯಾ ಇದೆ ಅಂತ ಅವನಿಗೂ ಗೊತ್ತಿರಲಿಲ್ಲ, 1971ರಲ್ಲಷ್ಟೇ ಅದು ಗೊತ್ತಾಗಿದ್ದು. ದೆಹಲಿಯ ಘಟಕ ಸೋನಿಪತ್‌ನಲ್ಲಿ ಈಡಿಸ್ ಸೊಳ್ಳೆ ಬಿಡಲು ತಯಾರಾಯಿತು. ಅಷ್ಟರಲ್ಲಿ ಪತ್ರಿಕೆಗಳಲ್ಲಿ ಗದ್ದಲ, ಅಮೆರಿಕದ ದುಡ್ಡು ಇದೆ, ಇದು ಜೈವಿಕ ಯುದ್ಧದ ತಯಾರಿ ಅಂತ. ಸಂಸತ್ತಿನವರೆಗೆ ಹೋಯಿತು. 1975ರಲ್ಲಿ ಬಾಗಿಲು ಹಾಕಿದರು. ಆರೋಪದಲ್ಲಿ ಹುರುಳಿತ್ತೋ ಇಲ್ಲವೋ ಅದು ಬೇರೆ ಮಾತು, ಜನರಿಗೆ ಮೊದಲೇ ಕೂರಿಸಿಕೊಂಡು ಹೇಳದೆ ಸೊಳ್ಳೆ ಬಿಡಲು ಹೊರಟರೆ ಯಾವ ಊರಲ್ಲೂ ಇದೇ ಆಗುತ್ತದೆ. ಯೋಗ್ಯಕರ್ತಾದಲ್ಲಿ ಮೊದಲು ಜನರ ಜೊತೆ ಮಾತಾಡಿ, ಒಪ್ಪಿಗೆ ಪಡೆದೇ ಕೆಲಸಕ್ಕೆ ಕೈ ಹಾಕಿದರು.

ಈಗ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಕೆಲಸ ಹಿಡಿದಿದೆ, ಅದೂ ಐಸಿಎಂಆರ್ ಸಂಸ್ಥೆಯೇ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ ವೊಲ್ಬಾಕಿಯಾ ಇರುವ ಮೊಟ್ಟೆ ತರಿಸಿ, ಪುದುಚೇರಿಯ ಸ್ಥಳೀಯ ಈಡಿಸ್ ಜೊತೆ ಕೂಡಿಸಿ, ನಮ್ಮ ಹವೆಗೆ ಒಗ್ಗುವ ತಳಿ ಮಾಡಿದ್ದಾರೆ. 2022ರಲ್ಲಿ ಇದನ್ನು ಹೇಳಿದರು. ಎರಡು ತಳಿ ಇವೆ. ಒಂದು ಹಣ್ಣಿನ ನೊಣದಿಂದ ಬಂದ ಡಬ್ಲ್ಯು-ಮೆಲ್, ಇನ್ನೊಂದು ಹುಲಿ ಸೊಳ್ಳೆಯಿಂದ ಬಂದ ಡಬ್ಲ್ಯು-ಆಲ್ಬ್-ಬಿ. ಹೊರಗೆ ಬಿಡಬೇಕಾದರೆ ಸರ್ಕಾರದ ಹಲವು ಕಡೆಯ ಒಪ್ಪಿಗೆ ಬೇಕು. ಬಿಟ್ಟರೂ ಮೊದಲು ಒಂದೆರಡು ಊರಿನಲ್ಲಿ ಪ್ರಯೋಗ. ಅಂದರೆ ದಾವಣಗೆರೆಗೆ ನಾಳೆ ಬೆಳಿಗ್ಗೆ ಬರುವುದಿಲ್ಲ. ಸೊಳ್ಳೆ ಬೆಳೆಸುವ ಕಾರ್ಖಾನೆಯೂ ಬೇಕಲ್ಲ. ಬ್ರೆಜಿಲಿನ ಕುರಿಟೀಬಾದಲ್ಲಿ 2025ರಲ್ಲಿ ಶುರುವಾದ ಕಾರ್ಖಾನೆ ವಾರಕ್ಕೆ 10 ಕೋಟಿ ಮೊಟ್ಟೆ ತಯಾರಿಸುವಷ್ಟು ದೊಡ್ಡದು. ನಮ್ಮ ದೇಶದ ಗಾತ್ರಕ್ಕೆ ಅಂಥವು ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಿ.

ಈಗ ಬಿಸಿ ಹಾಲಿನ ಮಾತು. ಡಬ್ಲ್ಯು-ಮೆಲ್ ತಳಿಗೆ ಸೆಕೆ ಆಗುವುದಿಲ್ಲ. ಮರಿ ಇರುವ ನೀರು ದಿನಾ 26ರಿಂದ 37 ಡಿಗ್ರಿ ನಡುವೆ ಏರಿಳಿಯುತ್ತಿದ್ದರೆ ಸೊಳ್ಳೆ ಬದುಕುತ್ತದೆ, ಒಳಗಿನ ವೊಲ್ಬಾಕಿಯಾ ಮಾತ್ರ ಕರಗುತ್ತಾ ಬರುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. 2018ರ ನವೆಂಬರ್‌ನಲ್ಲಿ ಕೇರ್ನ್ಸ್‌ನಲ್ಲಿ ಬಿಸಿಗಾಳಿ ಬೀಸಿ 42 ಡಿಗ್ರಿ ದಾಟಿದಾಗ ಅಲ್ಲಿನ ಸೊಳ್ಳೆಗಳಲ್ಲಿ ವೊಲ್ಬಾಕಿಯಾ ಇಳಿದೇಬಿಟ್ಟಿತ್ತು. ಕೆಲವು ತಿಂಗಳಲ್ಲಿ ಚೇತರಿಸಿಕೊಂಡಿತು. ನಮ್ಮಲ್ಲಿ ಬಿಸಿಲು ಎರಡು ದಿನದ ಅತಿಥಿ ಅಲ್ಲ. ಮಾರ್ಚಿನಿಂದ ಮೇವರೆಗೆ ಚಳ್ಳಕೆರೆ ಕಡೆ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರಲ್ಲಿ ಮಧ್ಯಾಹ್ನ ಕೈ ಇಡಲು ಆಗುವುದಿಲ್ಲ. ಆದರೆ ಸ್ವಲ್ಪ ನಿಲ್ಲಿ, ಅಷ್ಟು ಬಿಸಿ ನೀರಿನಲ್ಲಿ ಈಡಿಸ್ ಮರಿಯೂ ಬದುಕುವುದಿಲ್ಲ. ಅದು ಬೆಳೆಯುವುದು ಬಚ್ಚಲ ಮೂಲೆಯ ತೊಟ್ಟಿಯಲ್ಲಿ, ನೆರಳಿನ ಸಂಪಿನಲ್ಲಿ, ಅಡುಗೆಮನೆ ಹಿಂದಿನ ಡ್ರಮ್ಮಿನಲ್ಲಿ. ಅಲ್ಲಿ ನೀರು ತಂಪಾಗಿಯೇ ಇರುತ್ತದೆ. ಹಾಗಾಗಿ ನಮ್ಮ ಊರಿನ ಗಾಳಿಯ ಉಷ್ಣತೆ ನೋಡಿ ತೀರ್ಮಾನ ಮಾಡಬಾರದು, ಡ್ರಮ್ಮಿನೊಳಗೆ ಥರ್ಮಾಮೀಟರ್ ಇಳಿಬಿಟ್ಟು ಅಳೆದು ತೀರ್ಮಾನ ಮಾಡಬೇಕು. ಇಂಥ ಯೋಜನೆ ನಮ್ಮ ಕಡೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ, ಅಳೆದಿದ್ದೀರಾ ಅಂತ.

ಡಬ್ಲ್ಯು-ಆಲ್ಬ್-ಬಿ ಸೆಕೆ ತಡೆಯುತ್ತದೆ. ಕ್ವಾಲಾಲಂಪುರದಲ್ಲಿ ಅದನ್ನೇ ಆರಿಸಿದ್ದಕ್ಕೆ ಕಾರಣ ಅದು. ಹಾಗಾದರೆ ನಮಗೂ ಅದೇ ಸರಿ ಅಂದುಬಿಡಬಹುದಿತ್ತು, ಆದರೆ ಅಲ್ಲೊಂದು ತೊಡಕಿದೆ. ಈಡಿಸ್ ಮೊಟ್ಟೆ ನೀರಿಲ್ಲದೆ ಒಣಗಿ ತಿಂಗಳುಗಟ್ಟಲೆ ಬದುಕುತ್ತದೆ. ನಾನೇ ಒಮ್ಮೆ ಸಮೀಕ್ಷೆಯಲ್ಲಿ ತಂದ ಮೊಟ್ಟೆ ಅಂಟಿದ ಕಾಗದದ ಪಟ್ಟಿಯನ್ನು ಮೇಜಿನ ಖಾನೆಯಲ್ಲಿ ಮರೆತಿದ್ದೆ, ಸಂಕ್ರಾಂತಿಗೆ ಇಟ್ಟದ್ದು, ಮುಂಗಾರು ಬಂದಾಗ ಕೈಗೆ ಸಿಕ್ಕಿತು. ಸುಮ್ನೆ ನೋಡೋಣ ಅಂತ ಲೋಟದ ನೀರಿಗೆ ಹಾಕಿದರೆ ಸಂಜೆ ಹೊತ್ತಿಗೆ ಮರಿಗಳು ಕುಣಿಯುತ್ತಿದ್ದವು. ಮನೆಯವಳು ಆ ಲೋಟವನ್ನು ಆಮೇಲೆ ಅಡುಗೆಮನೆಗೆ ಸೇರಿಸಲಿಲ್ಲ. ಒಣ ಸೀಮೆಯಲ್ಲಿ ಈ ಸೊಳ್ಳೆ ಬೇಸಿಗೆ ದಾಟುವುದಕ್ಕೆ ಇದೂ ಒಂದು ಉಪಾಯ. ವೊಲ್ಬಾಕಿಯಾ ಇರುವ ಮೊಟ್ಟೆಗಳಿಗೆ ಈ ತಾಳ್ಮೆ ಕಡಿಮೆ. ಹೆಚ್ಚು ದಿನ ಒಣಗಿದಷ್ಟೂ ಒಡೆಯುವುದು ಕಡಿಮೆ, ಡಬ್ಲ್ಯು-ಆಲ್ಬ್-ಬಿ ಇರುವ ಮೊಟ್ಟೆಯಲ್ಲಿ ಇನ್ನೂ ಕಡಿಮೆ. ಅಂದರೆ ಒಂದು ತಳಿಗೆ ಬಿಸಿಲು ಆಗದು, ಇನ್ನೊಂದಕ್ಕೆ ಒಣಹವೆ ಆಗದು. ನಮ್ಮಲ್ಲಿ ಎರಡೂ ಧಾರಾಳ. ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಮತ್ತೆ ಸ್ವಲ್ಪ ಹೆಪ್ಪು ಹಾಕಬೇಕಾಗಬಹುದು ಅಂತ ನನ್ನ ಅನಿಸಿಕೆ.

ಬರದ ಸೀಮೆಯಲ್ಲಿ ಡೆಂಗಿ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಮಳೆ ಇಲ್ಲ, ಹೊಂಡ ಇಲ್ಲ, ಸೊಳ್ಳೆ ಎಲ್ಲಿಂದ ಅಂತ. ನಮ್ಮ ಜಿಲ್ಲೆಯ ವಾಣಿ ವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ಸೀಮೆ ಇದು. ಇಲ್ಲಿ ಹೆಂಗಸರು ನೀರು ಕೂಡಿಡದೆ ಇನ್ನೇನು ಮಾಡುತ್ತಾರೆ? ನಲ್ಲಿ ಬಂದ ದಿನ ಕೊಡ, ಹಂಡೆ, ಡ್ರಮ್ಮು, ಬಾನಿ, ಸಿಕ್ಕಿದ್ದಕ್ಕೆಲ್ಲ ತುಂಬುತ್ತಾರೆ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಜ್ವರ ಜ್ವರ ಅಂತ ಕರೆದಿದ್ದರು. ಊರಲ್ಲಿ ಒಂದು ಹನಿ ನಿಂತ ನೀರಿಲ್ಲ, ಚರಂಡಿಯೂ ಒಣಗಿದೆ. ಕೊನೆಗೆ ಒಬ್ಬ ಅಜ್ಜಿ ಗೋಣಿಚೀಲ ಮುಚ್ಚಿಟ್ಟಿದ್ದ ಕಲ್ಲುಬಾನಿ ತೋರಿಸಿದರು, ಕುಡಿಯುವ ನೀರು, ಕನ್ನಡಿ ಹಾಗೆ ತಿಳಿ. ಟಾರ್ಚ್ ಬಿಟ್ಟು ನೋಡಿದರೆ ತುಂಬ ಮರಿ. "ಇಷ್ಟು ಚೊಕ್ಕ ನೀರಿಗೂ ಬರ್ತಾವೇನಪ್ಪಾ" ಅಂದರು. ಇವು ಬರುವುದೇ ಚೊಕ್ಕ ನೀರಿಗೆ. ಚಿತ್ರದುರ್ಗದ ಕೋಟೆಯ ಹೊಂಡಗಳನ್ನು ತೋರಿಸಿ ಡೆಂಗಿ ಇಲ್ಲಿಂದಲೇ ಬರುವುದು ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ, ಹೊಂಡ ಬಿಡಿ, ನಿಮ್ಮ ಬಚ್ಚಲಿಗೆ ಹೋಗಿ ನೋಡಿ.

ಮಲೇರಿಯಾ, ಮೆದುಳು ಜ್ವರಕ್ಕೂ ಇದು ಆಗುತ್ತದಾ ಅಂದರೆ, ಸದ್ಯಕ್ಕೆ ಇಲ್ಲ. ಮಲೇರಿಯಾದ್ದು ಅನಾಫಿಲಿಸ್ ಸೊಳ್ಳೆ. ಅದರಲ್ಲಿ ವೊಲ್ಬಾಕಿಯಾ ನಿಲ್ಲಿಸುವುದು ಕಷ್ಟ, 2013ರಲ್ಲಿ ಒಂದು ಜಾತಿಯಲ್ಲಿ ಪ್ರಯೋಗಾಲಯದ ಮಟ್ಟಿಗೆ ಆಗಿದೆ. 2023ರಲ್ಲಿ ಡೆಲ್ಫ್‌ಟಿಯಾ ಎಂಬ ಬೇರೆ ಬ್ಯಾಕ್ಟೀರಿಯಾ ಸುದ್ದಿಯಾಯಿತು. ಸ್ಪೇನಿನ ಒಂದು ಪ್ರಯೋಗಾಲಯದಲ್ಲಿ ಸೊಳ್ಳೆಗಳಿಗೆ ಮಲೇರಿಯಾ ಹತ್ತುವುದೇ ನಿಂತುಹೋಗಿತ್ತು, ಯಾಕೆ ಅಂತ ಹುಡುಕಿದರೆ ಅವುಗಳ ಕರುಳಲ್ಲಿ ಇದು ಸೇರಿಕೊಂಡಿತ್ತು. ಅದು ತಾಯಿಯಿಂದ ಮಕ್ಕಳಿಗೆ ಹೋಗುವುದಿಲ್ಲ, ಪ್ರತಿ ಪೀಳಿಗೆಗೂ ಮತ್ತೆ ತಿನ್ನಿಸಬೇಕು. ಭದ್ರಾ ನಾಲೆಯ ಗದ್ದೆಗಳ ಕಡೆಯ ಮೆದುಳು ಜ್ವರದ ಸೊಳ್ಳೆ ಮತ್ತೊಂದು ಜಾತಿ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಹಾಗಾದರೆ ಈಗ ನೀವು ಏನು ಮಾಡಬೇಕು? ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ನಿಮ್ಮ ಮಗಳಿಗೆ ಒಂದು ಬಂದು ಹೋಗಿದೆ, ಅದು ಮತ್ತೆ ಬರುವುದಿಲ್ಲ. ಆದರೆ ಇನ್ನೊಂದು ಬಗೆ ಬಂದರೆ ಎರಡನೇ ಸಲದ್ದು ಜೋರಾಗುವ ಸಂಭವ ಜಾಸ್ತಿ. ಹಾಗಾಗಿ ಮುಂದೆ ಜ್ವರ ಬಂದರೆ ಪಪ್ಪಾಯಿ ಎಲೆ ಹಿಂಡುತ್ತಾ ಕೂರಬೇಡಿ, ಹಿಂದೆ ಡೆಂಗಿ ಆಗಿತ್ತು ಅಂತ ವೈದ್ಯರಿಗೆ ಮೊದಲೇ ಹೇಳಿ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ಕಾಯಬೇಡಿ, ಅದೂ ಜ್ವರ ಇಳಿಯುವ ಹೊತ್ತಿನಲ್ಲಿ. ಜ್ವರ ಇಳಿಯಿತು ಅಂತ ನಿರಾಳವಾಗುವ ದಿನವೇ ಅಪಾಯದ ದಿನ.

ಡ್ರಮ್ಮಿಗೆ ಮುಚ್ಚಳ ಹಾಕಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಮುಚ್ಚಳದ ಸಂದಿ ನೋಡಿ, ಒಂದು ಸೊಳ್ಳೆಗೆ ಅಷ್ಟು ಸಾಕು. ಹಳೆ ಪಂಚೆ ಅಥವಾ ಸೀರೆ ಬಟ್ಟೆ ಬಿಗಿಯಾಗಿ ಕಟ್ಟಿ ಅದರ ಮೇಲೆ ಮುಚ್ಚಳ ಇಡಿ. ವಾರಕ್ಕೊಮ್ಮೆ ಖಾಲಿ ಮಾಡಿ, ಬರೀ ನೀರು ಚೆಲ್ಲಿದರೆ ಸಾಲದು, ಒಳಗಿನ ಗೋಡೆ ತೆಂಗಿನ ನಾರಿನಿಂದ ಉಜ್ಜಬೇಕು. ಮೊಟ್ಟೆ ಇರುವುದು ನೀರಿನಲ್ಲಲ್ಲ, ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿಕೊಂಡು. ವಾರ ಯಾಕೆ ಅಂದರೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಕುಂಡದ ಕೆಳಗಿನ ಬಟ್ಟಲು, ತಾರಸಿ ಮೇಲೆ ಎಸೆದ ಟೈರು ನೋಡಿ. ಖಾಲಿ ಮಾಡಲು ಆಗದ ಸಂಪಿಗೆ ಆಶಾ ಕಾರ್ಯಕರ್ತೆ ಕೊಡುವ ಔಷಧಿ ಹಾಕಿಸಿ, ಅವರು ಬಂದಾಗ ಬಾಗಿಲು ತೆಗೆಯಿರಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಂಡದಿಂದ ಸೊಳ್ಳೆ ಹೋಗುತ್ತದೆ ಅಂತ ನಾನು ನಂಬುವುದಿಲ್ಲ, ನೀರು ದಿನಾ ಬಂದರೆ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಡೆಂಗಿ ಬಂದರೆ ಮೊದಲ ಐದು ದಿನ ಹಗಲು ಹೊತ್ತೂ ಪರದೆಯೊಳಗೆ ಮಲಗಿಸಿ, ಅವರ ರಕ್ತದಿಂದಲೇ ನಿಮ್ಮ ಮನೆ ಸೊಳ್ಳೆ ವೈರಸ್ ತೆಗೆದುಕೊಳ್ಳುವುದು. ಈಡಿಸ್ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ಆಚೆ ಹಾರುವುದಿಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದ್ದು, ಇಲ್ಲ ಪಕ್ಕದ ಮನೆಯದ್ದು.

ವೊಲ್ಬಾಕಿಯಾ ಬಂದ ಮೇಲೂ ಈ ಉಜ್ಜುವ ಕೆಲಸ ಇರುತ್ತದಾ? ಇರುತ್ತದೆ. ಸೊಳ್ಳೆ ಬಿಡುವ ಆ ಕೆಲವು ತಿಂಗಳು ಮಾತ್ರ ಕೆಲವು ಕಡೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ ಅನ್ನುತ್ತಾರೆ, ಹಾಕಿದ ಹೆಪ್ಪು ಚೆಲ್ಲಿದ ಹಾಗೆ ಆಗಬಾರದಲ್ಲ.

ಇನ್ನು ನಿಮ್ಮ ಮಗಳ ಪ್ರಶ್ನೆ. ಒಳ್ಳೆ ಸೊಳ್ಳೆ, ಕೆಟ್ಟ ಸೊಳ್ಳೆ ನೋಡಿ ಹೇಳಲು ನನಗೂ ಆಗುವುದಿಲ್ಲ ಪುಟ್ಟಿ, ಪ್ರಯೋಗಾಲಯದಲ್ಲಿ ಅರೆದು ಪಿಸಿಆರ್ ಪರೀಕ್ಷೆ ಮಾಡಬೇಕು. ಗಂಡು ಹೆಣ್ಣು ಮಾತ್ರ ಭೂತಗನ್ನಡಿಯಲ್ಲಿ ಗೊತ್ತಾಗುತ್ತದೆ, ಗರಿಯ ಹಾಗೆ ಪೊದೆ ಮೀಸೆ ಇದ್ದರೆ ಗಂಡು, ಅದರ ಪಾಡಿಗೆ ಬಿಡು. ಕೈ ಮೇಲೆ ಕೂತು ಸೂಜಿ ಇಳಿಸುತ್ತಿದ್ದರೆ ಅದು ಹೆಣ್ಣೇ. ಒಳ್ಳೆಯದೋ ಕೆಟ್ಟದ್ದೋ ಅಂತ ಯೋಚನೆ ಮಾಡದೆ ಹೊಡಿ.